ಪಹಣಿ ಇಲ್ಲದವರನ್ನೂ ಕೇಳಿ

ಜಗಳೂರು ತಾಲ್ಲೂಕಿನ ಸೊಕ್ಕೆ ಹೋಬಳಿಯವರಾದ ನಾವು ಬಿಸಿಲನ್ನೂ ಗಾಳಿಯನ್ನೂ ಬೈದುಕೊಂಡೇ ಬೆಳೆದವರು. ಮಳೆ ಕೈಕೊಟ್ಟ ವರ್ಷ ಮೆಕ್ಕೆಜೋಳ ಒಣಗುವುದು, ಶೇಂಗಾ ಕಾಯಿ ಕಟ್ಟದಿರುವುದು ಇಲ್ಲಿ ಹೊಸ ಸುದ್ದಿಯೇನಲ್ಲ. ಈಗ ಅದೇ ಬಿಸಿಲು, ಅದೇ ಗಾಳಿ ಬೆಲೆಬಾಳುವ ಸರಕಾಗಿವೆ. ಬಯಲುಸೀಮೆಯಲ್ಲಿ 'ಹಸಿರು ಆರ್ಥಿಕತೆ' ಎಂದರೆ ಮುಖ್ಯವಾಗಿ ಇವೆರಡೇ. ಕಲ್ಲಿದ್ದಲು ಸುಡುವುದಕ್ಕಿಂತ ಇದು ಒಳ್ಳೆಯದು, ಅದರಲ್ಲಿ ನಮಗೆ ತಕರಾರಿಲ್ಲ. ನಮ್ಮ ಪ್ರಶ್ನೆ ಬೇರೆ: ಇದು ಊರಿಗೆ ಬರುವ ಮೊದಲು ಯಾರನ್ನು ಕೇಳಲಾಗುತ್ತದೆ?

2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ಸಾರ್ವಜನಿಕ ಸಮಾಲೋಚನೆಗೆ ಜಾಗವಿದೆ. ದೊಡ್ಡ ಗಣಿಗೋ ಸಿಮೆಂಟ್ ಕಾರ್ಖಾನೆಗೋ ಅನುಮತಿ ಕೊಡುವ ಮೊದಲು ಆ ಸ್ಥಳದಲ್ಲಿ ಅಹವಾಲು ಸಭೆ ನಡೆಯಬೇಕು. 30 ದಿನ ಮೊದಲೇ ನೋಟಿಸು ಬರಬೇಕು. ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಗಾಳಿಯಂತ್ರ ಮತ್ತು ಸೌರಫಲಕಗಳು ಆ ಪಟ್ಟಿಯಲ್ಲೇ ಇಲ್ಲ. ಹೊಗೆ ಇಲ್ಲವಲ್ಲ, ಕೇಳುವುದೇನು ಎಂಬ ಲೆಕ್ಕ. ಹೀಗಾಗಿ ಇಡೀ ಊರಿನ ವಿಷಯವು ಜಮೀನಿನ ಮಾಲೀಕ ಮತ್ತು ಕಂಪೆನಿಯ ನಡುವಿನ ಗುತ್ತಿಗೆ ಪತ್ರಕ್ಕೆ ಇಳಿದುಬಿಡುತ್ತದೆ.

ಪಾವಗಡವನ್ನೇ ನೋಡಿ. ತಿರುಮಣಿ, ವಳ್ಳೂರು ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಎದ್ದಿದೆ, ಉದ್ಘಾಟನೆಯಾದದ್ದು 2018ರಲ್ಲಿ. ಅಲ್ಲಿ ಜಮೀನು ಕಿತ್ತುಕೊಳ್ಳಲಿಲ್ಲ, 28 ವರ್ಷಕ್ಕೆ ಗುತ್ತಿಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಕಾಲಕಾಲಕ್ಕೆ ಏರಿಕೆ. ಬರಗಾಲದ ರೈತನಿಗೆ ಅದು ಸಣ್ಣ ಮೊತ್ತವಲ್ಲ, ಒಳ್ಳೆಯ ವ್ಯವಸ್ಥೆಯೇ. ಆದರೆ ಆ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸಿಗೆ, ಕೊಯ್ಲಾದ ಮೇಲೆ ಕೂಳೆಯಲ್ಲಿ ಕುರಿ ಬಿಡುತ್ತಿದ್ದವನಿಗೆ ಯಾವ ಬಾಡಿಗೆ? ಪಹಣಿಯಲ್ಲಿ ಅವರ ಹೆಸರಿಲ್ಲ. ಬೇಲಿ ಬಿದ್ದ ಮೇಲೆ ಕೂಲಿಯೂ ಹೋಯಿತು, ಮೇವೂ ಹೋಯಿತು.

ನಮ್ಮ ಸಮುದಾಯಕ್ಕೆ ಇದು ಪರರ ಕಥೆಯಲ್ಲ. ಈ ಸೀಮೆಯ ಹಳ್ಳಿಗಳಲ್ಲಿ ಹತ್ತಿ ಹಿಂಜುವ ಪಿಂಜಾರರು, ಎತ್ತಿಗೆ ಲಾಳ ಕಟ್ಟುವವರು, ಸಂತೆಯಿಂದ ಸಂತೆಗೆ ಕುರಿ ವ್ಯಾಪಾರ ಮಾಡುವವರು ಬದುಕಿದ್ದು ಬೇರೆಯವರ ಹೊಲದ ನೆರಳಿನಲ್ಲಿ. ಉಳುವ ಎತ್ತು ಇಲ್ಲದ ಊರಲ್ಲಿ ಲಾಳ ಯಾರಿಗೆ ಬೇಕು? ದಲಿತರ ಕೇರಿಯ, ಕುರುಬರ ಹಟ್ಟಿಯ ಸ್ಥಿತಿಯೂ ಇದೇ.

ಕುರ್‌ಆನಿನ 42ನೇ ಅಧ್ಯಾಯದ ಹೆಸರೇ ಸಮಾಲೋಚನೆ - ಅಶ್ಶೂರಾ. ಖಲೀಫಾ ಉಮರ್(ರ)ರವರ ಒಂದು ನಿರ್ಧಾರ ಇಲ್ಲಿ ನೆನಪಾಗುತ್ತದೆ. ಸರಕಾರಿ ಕಾವಲು ಹುಲ್ಲುಗಾವಲಿಗೆ ಅವರು ಒಬ್ಬನನ್ನು ಮೇಲ್ವಿಚಾರಕನಾಗಿ ನೇಮಿಸಿ, ನಾಲ್ಕಾರು ಕುರಿ-ಒಂಟೆ ಇರುವವರನ್ನು ಒಳಗೆ ಬಿಡಲು, ಉಸ್ಮಾನ್(ರ), ಅಬ್ದುರ್ರಹ್ಮಾನ್ ಬಿನ್ ಔಫ್(ರ)ರಂಥ ಶ್ರೀಮಂತರ ಹಿಂಡನ್ನು ತಡೆಯಲು ಹೇಳಿದರು. ಶ್ರೀಮಂತರ ಜಾನುವಾರು ಸತ್ತರೆ ಅವರಿಗೆ ಖರ್ಜೂರದ ತೋಟವಿದೆ, ಹೊಲವಿದೆ. ಬಡವ ಮಾತ್ರ ಮಕ್ಕಳೊಂದಿಗೆ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ ಎಂಬುದು ಅವರ ವಾದ. ಯೋಜನಾ ಇಲಾಖೆಯವರು ಓದಬೇಕಾದ ಪಾಠವಿದು!

'ಹಸಿರು' ಎಂದ ಮಾತ್ರಕ್ಕೆ ಊರಿಗೆ ಹಿತವಾಗುವುದಿಲ್ಲ ಎಂಬುದಕ್ಕೆ ನಮ್ಮ ಪಕ್ಕದಲ್ಲೇ ಸಾಕ್ಷಿಯಿದೆ. 1984ರಲ್ಲಿ ಧಾರವಾಡ, ಶಿವಮೊಗ್ಗ ಮುಂತಾದ ಜಿಲ್ಲೆಗಳ ಸುಮಾರು 75,000 ಎಕರೆ ಸಾಮುದಾಯಿಕ ಭೂಮಿಯನ್ನು ನೀಲಗಿರಿ ಬೆಳೆಸಲು ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್‌ಗೆ ಒಪ್ಪಿಸಲಾಯಿತು. ಮರ ಹೋಗಬೇಕಾದದ್ದು ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಗೆ. ಅದಕ್ಕೂ ಗಿಡ ನೆಡುವ ಕಾರ್ಯವೆಂದೇ ಹೆಸರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ಆ ಸಸಿಗಳನ್ನು ಕಿತ್ತು ತಮಗೆ ಬೇಕಾದ ಗಿಡಗಳನ್ನು ನೆಟ್ಟರು. 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹವದು. 1991ರಲ್ಲಿ ಸರಕಾರ ಆ ಕಂಪೆನಿಯನ್ನೇ ಮುಚ್ಚಿತು. ಮೊದಲೇ ಕೇಳಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ.

ಕಾನೂನು ಹೇಳದಿದ್ದರೂ ಸಭೆ ನಡೆಸಬಾರದೆಂದೇನಿಲ್ಲ. ಗ್ರಾಮಸಭೆ ಇದೆಯಲ್ಲ. ಬೆಳಗ್ಗೆ ಹನ್ನೊಂದಕ್ಕೆ ಕರೆದರೆ ಕುರಿಗಾಹಿ ಅಡವಿಯಲ್ಲಿರುತ್ತಾನೆ, ಕೂಲಿಯವರು ಹೊಲದಲ್ಲಿರುತ್ತಾರೆ. ಕುರಿ ದೊಡ್ಡಿ ಸೇರಿದ ಮೇಲೆ ಕರೆಯಲಿ. ಹೆಂಗಸರು ಗೋಡೆಗೆ ಒರಗಿ ನಿಲ್ಲದೆ ಮುಂದೆ ಕೂರಲಿ. ಗುತ್ತಿಗೆ ಪತ್ರವನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಲಿ. ರಂಗಯ್ಯನದುರ್ಗದ ಕೊಂಡುಕುರಿ ಸಭೆಗೆ ಬರಲಾರದು. 2011ರಲ್ಲಿ ಅದಕ್ಕೆಂದೇ ಅಭಯಾರಣ್ಯ ಘೋಷಿಸಿದ ಇಲಾಖೆಯವರು ಅದರ ಪರವಾಗಿ ಬರಲಿ. ಬೇಲಿಯ ನಡುವೆ ಕುರಿಗೆ ದಾರಿ ಎಷ್ಟು ಅಗಲ, ಫಲಕ ತೊಳೆಯಲು ನೀರು ಯಾವ ಕೆರೆಯದು, ಊರಿನ ಎಷ್ಟು ಜನಕ್ಕೆ ಕೆಲಸ, ಗುತ್ತಿಗೆ ಮುಗಿದ ಮೇಲೆ ಆ ಗಾಜು-ಕಬ್ಬಿಣವನ್ನು ಹೊತ್ತೊಯ್ಯುವವರು ಯಾರು - ಉತ್ತರಗಳನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಸಿಕೊಂಡ ಮೇಲೆಯೇ ಮೊದಲ ಕಂಬ ನೆಡಲಿ.