ಕೊಂಡಿ ಕಾಣದ ಕಣ್ಣು

ಚಪ್ಪಲಿ ಹೊರಗೇ ಬಿಟ್ಟು, ತಲೆ ಬಗ್ಗಿಸಿ ಒಳಗೆ ಬನ್ನಿ. ಬಾಗಿಲು ಗಿಡ್ಡ. ಇಲಕಲ್ಲಿನ ಈ ಓಣಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ, ಆದರೆ ಆಚೆ ಮನೆಯಲ್ಲಿ ಆಗಲೇ ಲಾಳಿ ಓಡುತ್ತಿದೆ. ಈ ಮನೆಯ ಮಗ್ಗ ಮಾತ್ರ ಸುಮ್ಮನಿದೆ. ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ ಅಜ್ಜ, ಬೆರಳ ನಡುವೆ ಒಂದು ಕೆಂಪು ರೇಷ್ಮೆ ಎಳೆ ಹಿಡಿದು, ಅದನ್ನು ಸಿಕ್ಕಿಸುವ ಜಾಗ ಹುಡುಕುತ್ತಿದ್ದಾರೆ.

ಸೀರೆಯ ಒಡಲು ಮುಗಿದಿದೆ, ಸೆರಗು ಶುರುವಾಗಬೇಕು. ಒಡಲಿನ ಹಾಸಿನ ಒಂದೊಂದು ಎಳೆಗೂ ಸೆರಗಿನ ಹಾಸಿನ ಒಂದೊಂದು ಎಳೆಯನ್ನು ಕುಣಿಕೆಯಾಗಿ ಸಿಕ್ಕಿಸುವುದಕ್ಕೆ ಇಲ್ಲಿ ಕೊಂಡಿ ಹಾಕುವುದು ಅನ್ನುತ್ತಾರೆ. ಇಲಕಲ್ ಸೀರೆಯ ಗುರುತೇ ಅದು. ಒಂದು ಎಳೆ ತಪ್ಪಿದರೆ ಸೆರಗಿನ ತೆನೆ ಸೊಟ್ಟಗಾಗುತ್ತದೆ. ಅಜ್ಜ ಎಳೆಯನ್ನು ಕಣ್ಣಿನ ಹತ್ತಿರ ತರುತ್ತಾರೆ, ದೂರ ಹಿಡಿಯುತ್ತಾರೆ, ಚಾಳೀಸು ತೆಗೆದು ಧೋತರದ ಚುಂಗಿನಲ್ಲಿ ಒರೆಸುತ್ತಾರೆ.

"ಮತ್ತ ಪರಿ ಬಂದೈತೋ ತಮ್ಮಾ. ದೀಪದ ಸುತ್ತ ಬಳಿ ಬಳಿ ಕಾಣ್ತಾವು."

ಬಲಗಣ್ಣಿಗೆ ಪೊರೆಯ ಆಪರೇಷನ್ ಆಗಿ ಎರಡು ವರ್ಷ. ಹಸಿರು ಪಟ್ಟಿ ಬಿಚ್ಚಿದ ದಿನ ಸೊಸೆಯ ಸೀರೆಯ ಚಿಕ್ಕಿ ದಡಿ ಎಣಿಸಿ ತೋರಿಸಿದ್ದರಂತೆ. ಈಗ ಎಂಟು ತಿಂಗಳಿಂದ ಮಂಜು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಮತ್ತೆ ಕೊಯ್ಯುತ್ತಾರೆ.

ಮಗನ ಜೊತೆ ನೀವೂ ಬಸ್ಸು ಹತ್ತಿ. ಹುನಗುಂದ ದಾಟಿತು. ಅಮೀನಗಡದಲ್ಲಿ ಬಸ್ಸು ನಿಂತಾಗ ಅಜ್ಜ ಕಿಟಕಿಗೆ ಹಣೆ ಹಚ್ಚಿ, "ಕರದಂಟಿನ ಅಂಗಡಿ ಬಂದಾವು" ಅನ್ನುತ್ತಾರೆ. ಫಲಕ ಓದಿದ್ದಲ್ಲ, ರೂಢಿ. ಕಮತಗಿ, ಆಮೇಲೆ ಬಾಗಲಕೋಟೆ. ಆಲಮಟ್ಟಿಯ ಹಿನ್ನೀರು ಹಳೆ ಊರಿನ ಭಾಗವನ್ನು ನುಂಗಿದ್ದಕ್ಕೆ ಎಬ್ಬಿಸಿದ ನವನಗರದಲ್ಲಿ ವಿಳಾಸವೆಂದರೆ ಸೆಕ್ಟರ್ ನಂಬರು. ಕಣ್ಣಿನ ಆಸ್ಪತ್ರೆಯೂ ಅಂಥದೊಂದು ನಂಬರಿನಲ್ಲಿದೆ.

ಕಣ್ಣಿಗೆ ಹನಿ ಹಾಕಿ ಸಾಲಾಗಿ ಕೂರಿಸಿದ್ದಾರೆ. ಪಕ್ಕದಲ್ಲಿ ಬಾದಾಮಿ ಕಡೆಯ ಅಮ್ಮ, ಗುಳೇದಗುಡ್ಡದ ಖಣದ ಕುಬಸ. ಕಣ್ಣು ಮುಚ್ಚಿಕೊಂಡೇ ಮಾತಾಡುತ್ತಾಳೆ: "ನನಗೂ ಹಿಂಗ ಆಗಿತ್ತು ಯಣ್ಣಾ. ಬನಶಂಕರಿ ತೇರು ಎದುರಿಗೆ ಬಂದ್ರೂ ಬರೇ ಹೊಗಿ. ಅಂಜಿ ಒಂದು ವರ್ಷ ಮನ್ಯಾಗ ಕುಂತೆ. ಬಂದ್ರ, ಚಾ ಆರೂದ್ರಾಗ ಮುಗೀತು. ಈಗ ಈ ಕಣ್ಣಿಗೆ ಬಂದೇನಿ."

ಎದುರಿನ ಬೆಂಚಿನ ಮುದುಕರೊಬ್ಬರಿಗೆ ಡಾ. ಎಂ. ಸಿ. ಮೋದಿ ನೆನಪಾಗುತ್ತಾರೆ. ಈ ಜಿಲ್ಲೆಯ ಬೀಳಗಿಯಲ್ಲೇ ಹುಟ್ಟಿ, ಊರೂರು ಅಲೆದು, ಶಿಬಿರ ಹಾಕಿ ಸಾಲು ಸಾಲು ಜನರ ಪೊರೆ ತೆಗೆದವರು, 2005ರಲ್ಲಿ ತೀರಿಕೊಂಡರು. ಆ ಕಾಲದ ಶಸ್ತ್ರಕ್ರಿಯೆಯಲ್ಲಿ ಸಾಮಾನ್ಯವಾಗಿ ಮಸೂರವನ್ನು ಅದರ ಚೀಲದ ಸಮೇತ ತೆಗೆಯುತ್ತಿದ್ದರು. ಚೀಲವೇ ಇಲ್ಲದ ಮೇಲೆ ಅದು ಮಬ್ಬಾಗುವ ಮಾತೆಲ್ಲಿ? ಆದರೆ ಜೀವಮಾನವೆಲ್ಲ ಸೋಡಾಬುಡ್ಡಿ ಕನ್ನಡಕ ಹೊರಬೇಕಿತ್ತು. ಈಗ ಚೀಲವನ್ನು ಬೇಕೆಂದೇ ಉಳಿಸುತ್ತಾರೆ, ಹೊಸ ಲೆನ್ಸ್ ಕೂರಬೇಕಾದ್ದು ಅದರೊಳಗೇ.

ಒಳಗೆ ಕರೆದರು. ಗಲ್ಲ ಊರಿಸಿ, ಸೀಳು ಬೆಳಕು ಬಿಟ್ಟು ಡಾಕ್ಟರಮ್ಮ ನೋಡುತ್ತಾರೆ. ಹಿಂದಿನ ನರಪರದೆಯನ್ನೂ ತಪಾಸಣೆ ಮಾಡುತ್ತಾರೆ, ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳುತ್ತಾರೆ. ಮಂಜಿಗೆ ಕಾರಣ ಅಲ್ಲಿದ್ದರೆ ಮುಂದಿನ ಚೀಲಕ್ಕೆ ಲೇಸರ್ ಹೊಡೆದು ಉಪಯೋಗವಿಲ್ಲ.

"ಪರಿ ಮತ್ತ ಬಂದಿಲ್ರೀ ಅಜ್ಜಾರ. ತಗದದ್ದು ತಗದಂಗ ಐತಿ. ಲೆನ್ಸ್ ಇಟ್ಟ ಚೀಲದ ಹಿಂದಿನ ಗ್ವಾಡಿ ಮಬ್ಬಾಗೈತಿ, ಅಷ್ಟ."

ಆ ಗೋಡೆ ನಡುವೆ ಸುಮಾರು 4 ಮೈಕ್ರಾನ್ ದಪ್ಪ. ಅಜ್ಜನ ರೇಷ್ಮೆ ಎಳೆಯೂ ಅದರ ಮುಂದೆ ಹಗ್ಗ. ಎಷ್ಟು ಚೊಕ್ಕಟ ಮಾಡಿದರೂ ಚೀಲದ ಅಂಚಿನಲ್ಲಿ ಹಳೆ ಮಸೂರದ ಕೆಲವು ಜೀವಕೋಶ ಉಳಿಯುತ್ತವೆ. ತಿಂಗಳುಗಟ್ಟಲೆ, ವರ್ಷಗಟ್ಟಲೆ ತೆವಳಿ ಹಿಂಬದಿ ಗೋಡೆಗೆ ಬರುತ್ತವೆ, ಸಾಬೂದಾಣಿಯಂತೆ ಉಬ್ಬುತ್ತವೆ, ಇಲ್ಲವೇ ಬಿಳಿ ನಾರಾಗಿ ಸುಕ್ಕುಗಟ್ಟುತ್ತವೆ. ಡಾಕ್ಟರ ತಪ್ಪಲ್ಲ, ಪಥ್ಯದ ತಪ್ಪೂ ಅಲ್ಲ. ಇದನ್ನು "ಎರಡನೇ ಪೊರೆ" ಎಂದು ಕರೆದವರು ಯಾರೋ, ಆ ಹೆಸರೇ ಎಷ್ಟೋ ಜನರನ್ನು ಮನೆಯಲ್ಲಿ ಕೂರಿಸಿದೆ ಅನ್ನುವುದು ನನ್ನ ಸಿಟ್ಟು.

"ಏನ್ ಮಾಡ್ತೀರಿ?"

"ಲೇಸರಿಂದ ನಡುಕ ಸಣ್ಣ ಕಿಂಡಿ ಮಾಡ್ತೀವಿ. ಸೂಜಿ ಇಲ್ಲ, ಹೊಲಿಗಿ ಇಲ್ಲ."

ಅಜ್ಜ ಸುಮ್ಮನಾಗುತ್ತಾರೆ. ಆಮೇಲೆ: "ಅರಿವಿಗೆ ತೂತು ಬಿದ್ರ ಹರಕೊಂತ ಹೋಗತೈತಲ್ರೀ?"

ಡಾಕ್ಟರಮ್ಮ ನಗುವುದಿಲ್ಲ. "ಮೂರು ನಾಕು ಮಿಲಿಮೀಟರಿಗೆ ನಿಲ್ಲಸ್ತೀವ್ರಿ. ಸುತ್ತಲಿಂದು ಹಂಗ ಇರತೈತಿ, ಲೆನ್ಸ್ ಹಿಡಕೊಂಡು."

ಯಾಗ್ ಲೇಸರಿನ ಕೋಣೆ ಕತ್ತಲು. ಮರಗಟ್ಟಿಸುವ ಹನಿ, ಕಣ್ಣಿಗೆ ಅಂಟು ಹಚ್ಚಿದ ಪುಟ್ಟ ಗಾಜು, ಹಣೆಗೆ ಪಟ್ಟಿ. "ಅಳ್ಳಾಡಬ್ಯಾಡ್ರಿ ಅಜ್ಜಾರ." ಕೆಂಪು ಚುಕ್ಕೆ ಬರೀ ಗುರಿಗೆ, ಕೆಲಸ ಮಾಡುವ 1064 ನ್ಯಾನೋಮೀಟರಿನ ಕಿರಣ ಯಾರ ಕಣ್ಣಿಗೂ ಕಾಣುವುದಿಲ್ಲ. ಕೇಳಿ: ಟಿಕ್. ಮತ್ತೆ ಟಿಕ್. ಒಂದೊಂದು ಹೊಡೆತ ಒಂದೆರಡು ಮಿಲಿಜೌಲ್, ಅವಧಿ ಸೆಕೆಂಡಿನ ನೂರು ಕೋಟಿ ಭಾಗಗಳಲ್ಲಿ ಕೆಲವೇ ಭಾಗ. ಅಷ್ಟರಲ್ಲಿ ಗುರಿಯ ಬಿಂದುವಿನಲ್ಲಿ ಕಿಡಿ ಹುಟ್ಟಿ, ಅದರ ಅಲೆಯ ಧಕ್ಕೆಗೆ ಆ ಗೋಡೆ ಸೀಳುತ್ತದೆ. ಮೇಲಿಂದ ಕೆಳಕ್ಕೆ, ಎಡದಿಂದ ಬಲಕ್ಕೆ. ಗುರಿ ಕೂದಲೆಳೆಯಷ್ಟು ಮುಂದೆ ಸರಿದರೆ ಲೆನ್ಸಿಗೇ ಗೀರು, ಅದಕ್ಕೇ ಗುರಿಯನ್ನು ತುಸು ಹಿಂದಕ್ಕಿಟ್ಟೇ ಹೊಡೆಯುತ್ತಾರೆ. ಅಜ್ಜನ ಬೆರಳು ಮೇಜಿನ ಅಂಚನ್ನು ಹಿಡಿದಿವೆ. ಟಿಕ್ ಅಂದಾಗಲೆಲ್ಲ ಹೆಬ್ಬೆರಳು ತೋರುಬೆರಳಿಗೆ ತಾಗುತ್ತದೆ, ಎಳೆ ಎಣಿಸುವವರ ಹಾಗೆ.

"ಇಪ್ಪತ್ತೆರಡು," ಎದ್ದಾಗ ಹೇಳಿದರು.

ಗಂಟೆ ಬಿಟ್ಟು ಕಣ್ಣಿನ ಒತ್ತಡ ನೋಡಿ, ಕೆಲವು ದಿನಕ್ಕೆ ಹನಿ ಬರೆದುಕೊಟ್ಟರು. ಮಿಂಚು ಹೊಡೆದಂತಾದರೆ, ಕರಿ ಚುಕ್ಕೆಗಳ ಮಳೆ ಸುರಿದರೆ, ಒಂದು ಬದಿಯಿಂದ ಪರದೆ ಇಳಿದಂತೆ ಕಂಡರೆ ಅವತ್ತೇ ಬರಬೇಕು: ಅಪರೂಪಕ್ಕೆ ನರಪರದೆ ಕಳಚುವುದುಂಟು. ಮಗ ಇದನ್ನು ಎರಡು ಸಲ ಕೇಳಿಕೊಂಡ.

ಹಿಗ್ಗಿದ ಪಾಪೆಗೆ ಬಿಸಿಲು ಚುಚ್ಚುತ್ತದೆಂದು ಅಜ್ಜ ಬರುವಾಗ ದಾರಿಯುದ್ದಕ್ಕೂ ಕಣ್ಣು ಮುಚ್ಚಿದ್ದರು.

ಮರುದಿನ ಮುಂಜಾನೆ ಮತ್ತೆ ಅದೇ ಗಿಡ್ಡ ಬಾಗಿಲು. ಅಜ್ಜ ಮಗ್ಗದ ಮೇಲೆ ಬಾಗಿದ್ದಾರೆ. ಸೊಸೆ ಚಹಾ ತಂದಿಟ್ಟು ನಿಂತಿದ್ದಾಳೆ. ಎಂಟು ತಿಂಗಳಲ್ಲಿ ತಾವೇ ಹಾಕಿದ ಕೊಂಡಿಗಳ ಒಂದು ಸೀರೆ ಮಡಿಲಲ್ಲಿದೆ. ಉಗುರಿನಿಂದ ಒಂದೊಂದೇ ತಪ್ಪು ತೋರಿಸುತ್ತ, "ಇದು ನಂದ, ಇದೂ ನಂದ" ಅನ್ನುತ್ತಿದ್ದಾರೆ. ನಡುನಡುವೆ ಗಾಳಿಯಲ್ಲಿ ಕೈ ಬೀಸುತ್ತಾರೆ.

"ಏನ್ರೀ ಮಾವಾರ?"

"ಒಂದು ಎಳಿ ಹಾರಾಡಾಕತ್ತೈತಿ ನೋಡವಾ. ಹಿಡಿಯಾಕ ಸಿಗವಲ್ದು."

ಎಳೆ ಕೋಣೆಯಲ್ಲಿಲ್ಲ. ಸೀಳಿದ ಚೀಲದ ಗೋಡೆಯ ಚೂರೊಂದು ಕಣ್ಣೊಳಗೆ ತೇಲುತ್ತಿದೆ. ಕೆಲವು ವಾರಕ್ಕೆ ಕೆಳಗಿಳಿಯುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದರು. ಅಜ್ಜ ಇನ್ನೊಮ್ಮೆ ಕೈ ಬೀಸಿ, ಬಿಟ್ಟು, ಕೆಂಪು ರೇಷ್ಮೆಯ ತುದಿಯನ್ನು ನಾಲಿಗೆಗೆ ತಾಗಿಸಿ ಹುರಿ ಮಾಡಿದರು.