ರೋಗಶಯ್ಯೆಯ ಬಳಿ ಸಹಪಾಠ

ರಾಜರಾಜೇಶ್ವರಿನಗರದಿಂದ ಮೈಸೂರು ರಸ್ತೆಯನ್ನು ಹಿಡಿದು ಕೆಂಗೇರಿಯಾಚೆಗೆ ಹೋದರೆ, ಕಂಬೀಪುರದಲ್ಲಿ ರಾಜರಾಜೇಶ್ವರಿಯ ಹೆಸರಿನದೇ ಆದ ವೈದ್ಯಕಲಾಶಾಲೆಯೂ ಆಸ್ಪತ್ರೆಯೂ ಕಾಣುವುವು. ವೈದ್ಯರಾಗತಕ್ಕವರು, ದಾದಿಯರಾಗತಕ್ಕವರು, ಫಿಸಿಯೊಥೆರಪಿ ಕಲಿಯತಕ್ಕವರು, ಎಲ್ಲರೂ ಆ ದಾರಿಯ ಬಸ್ಸುಗಳಲ್ಲಿ ಜೊತೆಯಾಗಿ ಪ್ರಯಾಣ ಮಾಡುವರು. ಮುಂದೆ ಒಬ್ಬನೇ ರೋಗಿಯ ಮಂಚದ ಸುತ್ತ ನಿಲ್ಲಬೇಕಾದ ಇಂತಹ ತರುಣರು ಕಲಿಯುವ ಕಾಲದಲ್ಲಿಯೇ ಒಬ್ಬರ ಕೆಲಸವನ್ನೊಬ್ಬರು ಅರಿಯುವ ಏರ್ಪಾಡು ಮಾತ್ರ ನಾಡಿನಲ್ಲಿ ಇನ್ನೂ ವಿರಳವಾಗಿಯೇ ಇದೆ.

ಮನೆಯ ಹಿರಿಯರೊಬ್ಬರಿಗೆ ಪಾರ್ಶ್ವವಾಯು ಬಡಿಯಿತೆಂದು ಭಾವಿಸೋಣ. ವೈದ್ಯನು ತಕ್ಕ ಔಷಧದಿಂದ ಪ್ರಾಣವನ್ನುಳಿಸುವನು. ರಾತ್ರಿ ನೀರು ಕುಡಿಸುವಾಗ ರೋಗಿ ಕೆಮ್ಮುವುದನ್ನು ದಾದಿ ಕಾಣುವಳು. ಅದು ನೆಗಡಿಯ ಕೆಮ್ಮಲ್ಲ; ನುಂಗುವ ಶಕ್ತಿ ಕುಂದಿ ನೀರು ಶ್ವಾಸಕೋಶದ ಕಡೆಗೆ ಇಳಿಯುತ್ತಿರುವುದರ ಸೂಚನೆಯಾಗಿರಬಹುದು. ಇದನ್ನು ಪರೀಕ್ಷಿಸಬಲ್ಲವನು ವಾಕ್‌ಚಿಕಿತ್ಸಕ. ಆತನ ಕೆಲಸ ಮಾತು ಕಲಿಸುವುದಷ್ಟೆಯೆಂದು ತಿಳಿದವರೇ ಬಹುಮಂದಿ! ದಾದಿ ಸಂಕೋಚದಿಂದ ಸುಮ್ಮನಿದ್ದರೆ, ವೈದ್ಯನು ಕೇಳದೆ ಹೋದರೆ, ಮೂರನೆಯವನಿಗೆ ಕರೆಯೇ ಹೋಗದು. ಒಬ್ಬೊಬ್ಬರೂ ತಮ್ಮ ಪಾಲಿನ ಕೆಲಸವನ್ನು ನಿರ್ದೋಷವಾಗಿ ಮಾಡಿರುವರು. ರೋಗಿಗೆ ಮಾತ್ರ ನ್ಯುಮೋನಿಯಾ ತಗಲುವುದು.

ಚರಕಸಂಹಿತೆಯ ಸೂತ್ರಸ್ಥಾನವು ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿ, ಒಂದೊಂದಕ್ಕೂ ನಾಲ್ಕು ಗುಣಗಳನ್ನು ವಿಧಿಸುತ್ತದೆ. ಅಗ್ರಸ್ಥಾನ ವೈದ್ಯನದೇ, ಅದು ನ್ಯಾಯವೂ ಹೌದು. ಆದರೆ ರೋಗಿಯ ಗುಣಗಳಲ್ಲಿ ತನ್ನ ಬಾಧೆಯನ್ನು ತಿಳಿಯಹೇಳುವ ಶಕ್ತಿಯೂ ಒಂದೆಂದು ಗಣಿಸಿರುವುದನ್ನು ವಾಚಕರು ಗಮನಿಸಬೇಕು. ಪಾರ್ಶ್ವವಾಯು ಆ ಶಕ್ತಿಯನ್ನೇ ಅಪಹರಿಸಿದಾಗ ರೋಗಿಗೆ ಪರಿಚಾರಕನೇ ನಾಲಗೆ. ಆ ನಾಲಗೆಯನ್ನು ಅಗ್ರಸ್ಥಾನದವರು ಕಟ್ಟಿಹಾಕಬಾರದು.

ಇಂತಹ ಸಹಶಿಕ್ಷಣಕ್ಕೆ ಬೆಂಗಳೂರಿನಲ್ಲಿಯೇ ಹಳೆಯ ನಿದರ್ಶನವುಂಟು. ೧೯೫೪ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಇಲ್ಲಿ ಸ್ಥಾಪಿತವಾಯಿತು; ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರು. ೧೯೭೪ರಲ್ಲಿ ಅದು ಮಾನಸಿಕ ಆಸ್ಪತ್ರೆಯೊಡನೆ ಕೂಡಿ ನಿಮ್ಹಾನ್ಸ್ ಆಯಿತು. ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ದಾದಿಯರು, ಸಮಾಜಕಾರ್ಯದವರು ಒಂದೇ ಆವರಣದಲ್ಲಿ ತರಬೇತು ಪಡೆಯುವ ಪದ್ಧತಿ ಅಲ್ಲಿ ಬೇರೂರಿತು. ಮನೋರೋಗದಲ್ಲಿ ರೋಗಿಯ ಮನೆಯನ್ನೂ ಅರಿಯದೆ ಚಿಕಿತ್ಸೆ ಸಾಗದಾದುದರಿಂದ ಅಗತ್ಯವೇ ಅವರನ್ನು ಒಂದುಗೂಡಿಸಿತೆನ್ನಬಹುದು.

೨೦೧೦ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಸಹಶಿಕ್ಷಣದ ವಿಷಯದಲ್ಲಿ ಮಾರ್ಗದರ್ಶಿಯೊಂದನ್ನು ಹೊರಡಿಸಿತು. ಭಾರತದಲ್ಲಿ ೨೦೧೯ರಿಂದ ಜಾರಿಗೆ ಬಂದ ಎಂ.ಬಿ.ಬಿ.ಎಸ್. ಪಾಠಕ್ರಮವು ವೈದ್ಯನನ್ನು ಆರೋಗ್ಯತಂಡದ ನಾಯಕನೆಂದು ಮಾತ್ರವಲ್ಲದೆ ಸದಸ್ಯನೆಂದೂ ಕರೆದಿದೆ. ಒಳ್ಳೆಯ ಮಾತು. ಆದರೆ ಎಲ್ಲರನ್ನೂ ಒಂದು ಸಭಾಂಗಣದಲ್ಲಿ ಕುಳ್ಳಿರಿಸಿ ಉಪನ್ಯಾಸ ಕೊಟ್ಟರೆ ಇದು ಸಿದ್ಧಿಸದು. ಒಬ್ಬ ರೋಗಿಯನ್ನು ನಾಲ್ವರು ವಿದ್ಯಾರ್ಥಿಗಳಿಗೆ ಒಪ್ಪಿಸಿ, ಆತನು ಮನೆಗೆ ಹೊರಡುವವರೆಗಿನ ಯೋಜನೆಯನ್ನು ಕೂಡಿಯೇ ಬರೆಯಿಸಬೇಕು. ದಾದಿಯ ವಿದ್ಯಾರ್ಥಿನಿ ಮೊದಲು ಮಾತನಾಡಲಿ, ವೈದ್ಯವಿದ್ಯಾರ್ಥಿ ಕೇಳಲಿ. ವೇಳಾಪಟ್ಟಿ ಬೇರೆ, ಪರೀಕ್ಷೆ ಬೇರೆ ಎಂಬ ಅಡ್ಡಿಗಳುಂಟು. ಅಧ್ಯಾಪಕರೇ ಹಾಗೆ ಕೂಡಿ ಕಲಿತವರಲ್ಲವೆಂಬುದು ಅದಕ್ಕಿಂತ ದೊಡ್ಡ ಅಡ್ಡಿ.

ಆ ಯೋಜನೆಯ ಕಾಲಕ್ಕೆ ಮನೆಯ ಸೊಸೆಯನ್ನೂ ಮಂಚದ ಬಳಿಗೆ ಕರೆಯತಕ್ಕದ್ದು. ಗಂಜಿ ಎಷ್ಟು ಗಟ್ಟಿಯಾಗಿರಬೇಕು, ತಲೆಯನ್ನು ಎಷ್ಟು ಎತ್ತಿ ಹಿಡಿದು ಕುಡಿಸಬೇಕೆಂಬುದನ್ನು ನಾಳೆಯಿಂದ ತಿಳಿದಿರಬೇಕಾದವಳು ಆಕೆಯೇ.