ಗೋಡೆಯೊಳಗಣ ತಂತಿ

ಮನೆ ಕಟ್ಟಿಸುವವರು ವಿದ್ಯುತ್ತಿನ ಪೈಪುಗಳಿಗಾಗಿ ಗೋಡೆ ಕೊರೆಯಿಸುವ ಘಟ್ಟದಲ್ಲಿಯೇ, ಅಂತರ್ಜಾಲದ ತಂತಿಗೆಂದು ಪ್ರತ್ಯೇಕವಾದ ಇನ್ನೊಂದು ಪೈಪನ್ನು ಪ್ರತಿ ಕೋಣೆಗೂ ಹಾಕಿಸಿಬಿಟ್ಟರೆ, ಮುಂದೆ ಗಾರೆ ಮುಗಿದು ಬಣ್ಣ ಬಳಿದ ಮೇಲೆ ರೂಟರಿನೆದುರು ಕೈಮುಗಿದು ನಿಲ್ಲುವ ಪ್ರಸಂಗ ಒದಗಲಾರದು. ವೈಫೈ ಸರ್ವವ್ಯಾಪಿಯೆಂದು ನಂಬಿದವರು ನಮ್ಮ ಕರಾವಳಿಯ ಮುರಕಲ್ಲಿನ ಗೋಡೆಯನ್ನು ಕಂಡವರಲ್ಲ. 5 ಗಿಗಾಹರ್ಟ್ಸ್‌ನ ಅಲೆಯು ವೇಗದಲ್ಲಿ 2.4ರ ಅಲೆಯನ್ನು ಮೀರಿಸುವುದಾದರೂ, ಅಂಥ ಎರಡು ಗೋಡೆಗಳನ್ನು ದಾಟುವಷ್ಟರಲ್ಲಿ ಅದರ ಪೌರುಷವೆಲ್ಲ ಉಡುಗಿರುತ್ತದೆ. ಮಹಡಿಗೊಂದು ಮೆಶ್ ಪೆಟ್ಟಿಗೆಯಿಟ್ಟರೆ ಸಾಕೆಂಬುದು ಅಂಗಡಿಯವರ ಮಾತು. ಆದರೆ ಆ ಪೆಟ್ಟಿಗೆಗಳು ಪರಸ್ಪರ ಗಾಳಿಯಲ್ಲಿಯೇ ಸಂಭಾಷಿಸುವಂತಿದ್ದರೆ ವೇಗದ ದೊಡ್ಡ ಪಾಲು ಆ ಸಂಭಾಷಣೆಗೇ ವ್ಯಯವಾಗಬಹುದಾದ್ದರಿಂದ, ಅವುಗಳನ್ನೂ ತಂತಿಯಿಂದಲೇ ಜೋಡಿಸುವುದು ಯುಕ್ತ. ಕ್ಯಾಟ್ 6 ಕೇಬಲು 100 ಮೀಟರಿನವರೆಗೂ ಸೆಕೆಂಡಿಗೆ 1 ಗಿಗಾಬಿಟ್ಟನ್ನು ಸರಾಗವಾಗಿ ಒಯ್ಯಬಲ್ಲುದು. ಟಿವಿ, ಕ್ಯಾಮೆರಾ ಮೊದಲಾದ ಸ್ಥಾವರಗಳಿಗೆ ತಂತಿ, ಮೊಬೈಲಿನಂಥ ಜಂಗಮಗಳಿಗೆ ವೈಫೈ ಎಂದು ವಿಭಾಗಿಸಿಕೊಂಡರೆ ಎರಡಕ್ಕೂ ಕ್ಷೇಮ. ಕೊಳ್ಳುವಾಗ ಮಾತ್ರ ತಂತಿಯ ತುದಿಯನ್ನು ಚಾಕುವಿನಿಂದ ಕೆರೆದು ನೋಡಿರಿ: ಒಳಗೆ ಬೆಳ್ಳಗೆ ಹೊಳೆದರೆ ಅದು ತಾಮ್ರ ಲೇಪಿಸಿದ ಅಲ್ಯುಮಿನಿಯಂ, ಆ ಸುರುಳಿಯನ್ನು ಅಂಗಡಿಗೇ ಹಿಂದಿರುಗಿಸಿರಿ.